ಎಳೆಮಗುವಿನ ಬೆಳವಣಿಗೆಯ ಮೌಲ್ಯಮಾಪನ: ಮನೆಯಲ್ಲೇ ಮಾಡಿಕೊಳ್ಳಬೇಕಾದ ಸಿದ್ಧತೆ

“ಮಗು ಈಗ ಏನೇನು ಮಾಡುತ್ತದೆ?” ಬೆಳವಣಿಗೆ ತಡವಾಗಿದೆಯೆಂಬ ಅನುಮಾನದಿಂದ ಮಗುವನ್ನು ಆಸ್ಪತ್ರೆಗೆ ಕರೆತಂದವರನ್ನು ವೈದ್ಯರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: “ಎಲ್ಲಾ ಮಾಡ್ತೈತ್ರಿ, ಮಾತೊಂದು ಬಂದಿಲ್ಲ ನೋಡ್ರಿ.” ಉತ್ತರದಲ್ಲಿ ಸುಳ್ಳೇನೂ ಇಲ್ಲ, ಆದರೆ ವೈದ್ಯರಿಗೆ ಅದರಿಂದ ದಾರಿ ತೋರುವುದಿಲ್ಲ. ಹೊಸ ಜಾಗ, ಹೊಸ ಮುಖ, ಬಿಳಿ ಕೋಟು ಕಂಡು ಬೆದರಿದ ಹದಿನೆಂಟು ತಿಂಗಳ ಮಗು ಆ ಅರ್ಧ ಗಂಟೆಯಲ್ಲಿ ತನಗೆ ಬರುವುದರಲ್ಲಿ ಕಾಲುಭಾಗವನ್ನೂ ತೋರಿಸದಿರಬಹುದು. ಉಳಿದದ್ದನ್ನು ತಾಯಿ, ತಂದೆ, ಅಜ್ಜಿ ಹೇಳಿಯೇ ತುಂಬಬೇಕು. ಆದ್ದರಿಂದ ಮೌಲ್ಯಮಾಪನದ ಅರ್ಧ ಕೆಲಸ ಆಸ್ಪತ್ರೆಯಲ್ಲಿ ನಡೆದರೆ ಇನ್ನರ್ಧ ಮನೆಯಲ್ಲಿ, ಭೇಟಿಗೆ ಒಂದೆರಡು ವಾರ ಮೊದಲೇ ನಡೆಯಬೇಕು. ಮಕ್ಕಳ ಫಿಸಿಯೊಥೆರಪಿಯ ಕೆಲಸದಲ್ಲಿರುವ ನಾನು ಈ ಮನೆಯ ಅರ್ಧವನ್ನು ಹೇಗೆ ಮಾಡಿಕೊಳ್ಳಬೇಕೆಂಬುದನ್ನೇ ಇಲ್ಲಿ ಮುಖ್ಯವಾಗಿ ಬರೆಯುತ್ತಿದ್ದೇನೆ.

ತಪಾಸಣೆ ಬೇರೆ, ಮೌಲ್ಯಮಾಪನ ಬೇರೆ

ತಪಾಸಣೆಯೆಂದರೆ ಜೋಳವನ್ನು ಜರಡಿ ಹಿಡಿದಂತೆ. ಎಲ್ಲ ಮಕ್ಕಳನ್ನೂ ಕೆಲವೇ ಪ್ರಶ್ನೆಗಳಿಂದ ನೋಡಿ, ಹೆಚ್ಚಿನ ಗಮನ ಬೇಕಾದವರನ್ನು ಬೇರೆ ಮಾಡುವುದಷ್ಟೇ ಅದರ ಕೆಲಸ. ಮಗುವಿಗೆ ಏನಾಗಿದೆ ಎಂದು ಅದು ಹೇಳುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್.ಬಿ.ಎಸ್.ಕೆ.) ಪ್ರಕಾರ ವೈದ್ಯರನ್ನೊಳಗೊಂಡ ಸಂಚಾರಿ ತಂಡವು ವರ್ಷಕ್ಕೆ ಎರಡು ಬಾರಿ ಪ್ರತಿ ಅಂಗನವಾಡಿಗೆ ಬಂದು, ಆರು ವಾರದಿಂದ ಆರು ವರ್ಷದವರೆಗಿನ ಮಕ್ಕಳನ್ನು ನೋಡಬೇಕು. ಅಲ್ಲಿ ನಡೆಯುವುದು ತಪಾಸಣೆ. ಇದಕ್ಕೆ ಬಳಸುವ ಪಟ್ಟಿಗಳೂ ಚಿಕ್ಕವು. ತಿರುವನಂತಪುರದಲ್ಲಿ ರೂಪುಗೊಂಡ ತಪಾಸಣಾ ಪಟ್ಟಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇರುವುದು 17 ಅಂಶಗಳು ಮಾತ್ರ. ಮಗುವಿನ ವಯಸ್ಸಿಗೆ ಸರಿಯಾಗಿ ಪಟ್ಟಿಯ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟು, ಅದರ ಎಡಕ್ಕೆ ಬರುವ ಕೆಲಸಗಳನ್ನೆಲ್ಲ ಮಗು ಮಾಡುತ್ತದೆಯೇ ಎಂದು ನೋಡಿದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಮೌಲ್ಯಮಾಪನ ನಿಧಾನದ ಕೆಲಸ. ತಲೆ ಎತ್ತುವುದು, ಕೂರುವುದು, ನಡೆಯುವುದು, ಕೈಬೆರಳುಗಳ ಹಿಡಿತ, ಮಾತು ಮತ್ತು ಮಾತಿನ ಗ್ರಹಿಕೆ, ಜನರೊಂದಿಗಿನ ಬೆರೆಯುವಿಕೆ, ತಾನೇ ತಿನ್ನುವಂಥ ದಿನನಿತ್ಯದ ಕೆಲಸ, ಯೋಚಿಸಿ ಬಿಡಿಸುವ ಶಕ್ತಿ, ಇವೆಲ್ಲವನ್ನೂ ಬೇರೆಬೇರೆಯಾಗಿ ಅಳೆದು, ಯಾವುದು ಎಷ್ಟು ಹಿಂದಿದೆ ಮತ್ತು ಯಾಕೆ ಹಿಂದಿದೆ ಎಂದು ಅಲ್ಲಿ ಹುಡುಕುತ್ತಾರೆ. ಭಾರತೀಯ ಶಿಶುಗಳಿಗೆಂದೇ ಹೊಂದಿಸಿದ ಡಿ.ಎ.ಎಸ್.ಐ.ಐ. ಮಾಪಕದಲ್ಲಿ ಎರಡೂವರೆ ವರ್ಷದವರೆಗಿನ ವಯಸ್ಸಿಗೆ ಚಲನೆಯ 67 ಮತ್ತು ಬುದ್ಧಿಯ 163 ಅಂಶಗಳಿವೆಯೆಂದರೆ ವ್ಯತ್ಯಾಸ ತಿಳಿಯುತ್ತದೆ. ಜರಡಿಯ ಮೇಲೆ ಉಳಿದ ಮಕ್ಕಳಿಗೆಲ್ಲ ತೊಂದರೆ ಇರುವುದಿಲ್ಲ; ಜರಡಿಯಿಂದ ಇಳಿದುಹೋದ ಮಕ್ಕಳೆಲ್ಲ ನಿರಾಳರೆಂದೂ ಹೇಳಲಾಗದು. ಅಂಗನವಾಡಿಯ ತಪಾಸಣೆಯಲ್ಲಿ “ಸರಿಯಾಗಿದೆ” ಎಂದು ಬರೆದಿದ್ದರೂ ತಾಯಿಯ ಮನಸ್ಸಿಗೆ ಸಮಾಧಾನವಾಗದಿದ್ದರೆ ಪೂರ್ಣ ಮೌಲ್ಯಮಾಪನವನ್ನು ಕೇಳಿ ಪಡೆಯಬೇಕು. ತಾಯಂದಿರ ಆತಂಕ ಆಧಾರವಿಲ್ಲದ್ದೆಂದು ಕೊನೆಗೆ ಸಾಬೀತಾದದ್ದನ್ನು ನಾನು ಕಂಡದ್ದು ಕಡಿಮೆ.

ಆತಂಕವೇ ಇಲ್ಲದಿದ್ದರೂ ಒಂಬತ್ತು, ಹದಿನೆಂಟು ಮತ್ತು ಮೂವತ್ತನೆಯ ತಿಂಗಳುಗಳಲ್ಲಿ ಪ್ರತಿ ಮಗುವಿಗೂ ತಪಾಸಣೆ ಆಗಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ನಮ್ಮಲ್ಲಿ ಇದನ್ನು ನೆನಪಿಡುವುದು ಸುಲಭ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ ಬರುತ್ತದೆ, ಎರಡನೆಯದು ಬೂಸ್ಟರ್ ಜೊತೆ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಬರುತ್ತದೆ. ಸೂಜಿ ಹಾಕಿಸಲು ಹೇಗೂ ಉಪಕೇಂದ್ರಕ್ಕೆ ಹೋಗುತ್ತೀರಿ. ಅಂದೇ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಚಿತ್ರಗಳ ಪುಟವನ್ನು ತೆರೆದು, ಸಿಸ್ಟರ್ ಜೊತೆ ಕುಳಿತು ಒಂದೊಂದಾಗಿ ಗುರುತು ಹಾಕಿಸಿಕೊಳ್ಳಿ.

ಮನೆಯಲ್ಲಿ ನೋಡಿಕೊಳ್ಳುವ ಬಗೆ

ಎಲ್ಲಕ್ಕೂ ಮೊದಲು ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಬೇಕು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ, ಹುಟ್ಟಿದ ದಿನದ ಬದಲು ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸನ್ನು ಎಣಿಸುತ್ತಾರೆ. ಗರ್ಭದ ನಲವತ್ತು ವಾರಗಳಲ್ಲಿ ಮೂವತ್ತೆರಡಕ್ಕೇ ಹುಟ್ಟಿದ ಮಗು ಎಂಟು ವಾರ ಮುಂಚೆ ಬಂದಿದೆ. ಅದಕ್ಕೆ ಆರು ತಿಂಗಳು ತುಂಬಿದಾಗ ನಾಲ್ಕು ತಿಂಗಳ ಮಗುವಿನ ಕೆಲಸಗಳನ್ನು ಮಾತ್ರ ನಿರೀಕ್ಷಿಸಬೇಕು. ಈ ಒಂದು ಕಳೆಯುವ ಲೆಕ್ಕ ಮಾಡದೆ ಎಷ್ಟೋ ಮನೆಗಳು ಕಾರಣವಿಲ್ಲದೆ ಕಣ್ಣೀರಿಟ್ಟಿವೆ. ಲೆಕ್ಕ ಮಾಡಿದ ಮೇಲೂ ಮಗು ಹಿಂದೆಯೇ ಉಳಿದಿದ್ದರೆ “ಅದು ಏಳು ತಿಂಗಳಿಗೇ ಹುಟ್ಟಿದ್ದು, ತಾನೇ ಸರಿಹೋಗುತ್ತದೆ” ಎಂದು ಕೂರಲೂಬಾರದು.

ಎರಡು ತಿಂಗಳ ಹೊತ್ತಿಗೆ ಮಗು ನಿಮ್ಮ ಮುಖ ನೋಡಿ ನಗಬೇಕು. ನಿದ್ದೆಯಲ್ಲಿ ತುಟಿ ಅರಳಿಸುವ ನಗೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ನಕ್ಕಾಗ ಪ್ರತಿಯಾಗಿ ನಗುವುದೇ ಮುಖ್ಯ. ಮೂರು-ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲುತ್ತದೆ, ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಐದಾರು ತಿಂಗಳಿಗೆ ಬೋರಲು ಬೀಳುತ್ತದೆ, ಬೇಕಾದ ವಸ್ತುವಿಗೆ ಕೈಚಾಚುತ್ತದೆ, ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ. ಎಂಟು-ಒಂಬತ್ತಕ್ಕೆ ಆಧಾರವಿಲ್ಲದೆ ಕೂರುತ್ತದೆ, “ಮಾಮಾ”, “ದಾದಾ” ಎಂದು ಜೋಡಿ ಅಕ್ಷರ ಆಡುತ್ತದೆ, ಅಪರಿಚಿತರನ್ನು ಕಂಡರೆ ಅಳುತ್ತದೆ. ವರ್ಷದ ಹೊತ್ತಿಗೆ ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ ಸಣ್ಣ ಕಾಳನ್ನು ಹೆಕ್ಕುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಇದಕ್ಕೆ ಚಿಕ್ಕ ಗುಳಿಗೆಯಂಥ ವಸ್ತು ಇಡುತ್ತಾರೆ. ಮನೆಯಲ್ಲಿ ಒಂದೇ ಒಂದು ಮಂಡಾಳು (ಮಂಡಕ್ಕಿ) ಸಾಕು. ತಟ್ಟೆಯ ಮೇಲೆ ಅದನ್ನಿಟ್ಟು ಮಗು ಅಂಗೈಯಿಂದ ಗುಡಿಸಿಕೊಳ್ಳುತ್ತದೋ, ಬೆರಳ ತುದಿಯಿಂದ ಎತ್ತುತ್ತದೋ ನೋಡಿ. ಶೇಂಗಾ, ಕಡಲೆಯನ್ನು ಇದಕ್ಕೆ ಬಳಸಲೇಬಾರದು, ಉಸಿರುನಾಳಕ್ಕೆ ಸಿಕ್ಕಿ ಪ್ರಾಣಕ್ಕೇ ಕುತ್ತಾಗುತ್ತದೆ. ಮಂಡಾಳನ್ನೂ ನೋಡಿ ಮುಗಿದ ಕೂಡಲೇ ತೆಗೆದುಬಿಡಿ.

ಈ ತಿಂಗಳುಗಳೆಲ್ಲ ಸರಾಸರಿಗಳು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಹಲವು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಹೇಳಿರುವಂತೆ, ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ ಯಾವಾಗ ಬೇಕಾದರೂ ಬರಬಹುದು. ತಾನೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಕ್ಕದೆಯೇ ನೇರವಾಗಿ ನಡಿಗೆಗೆ ಹೋಗಿದ್ದರು. ಆದ್ದರಿಂದ ಪಕ್ಕದ ಮನೆಯ ಮಗು ಹನ್ನೊಂದು ತಿಂಗಳಿಗೇ ನಡೆಯಿತೆಂದು ಹದಿಮೂರು ತಿಂಗಳ ನಿಮ್ಮ ಮಗುವಿನ ಬಗ್ಗೆ ಗಾಬರಿಪಡುವ ಅಗತ್ಯವಿಲ್ಲ, ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ಇನ್ನೂ ಕಾಯಿಸುವುದಕ್ಕೆ ಸಮರ್ಥನೆಯೂ ಇಲ್ಲ.

ಕೆಲವು ಸಂಗತಿಗಳು ಕಂಡರೆ ಮುಂದಿನ ಲಸಿಕೆಯ ದಿನಕ್ಕೂ ಕಾಯದೆ ಹೊರಡಬೇಕು. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ಐದು ತಿಂಗಳು ಕಳೆದರೂ ಕುತ್ತಿಗೆ ನಿಲ್ಲದಿರುವುದು, ವರ್ಷವಾದರೂ ತೊದಲದಿರುವುದು ಅಥವಾ ಕೈಸನ್ನೆ ಮಾಡದಿರುವುದು, ಹದಿನಾರು ತಿಂಗಳಿಗೆ ಒಂದು ಪದವೂ ಇಲ್ಲದಿರುವುದು, ಎರಡು ವರ್ಷಕ್ಕೆ “ಅವ್ವಾ ಬಾ”, “ನೀರು ಬೇಕು” ಎಂಬಂತೆ ತಾನಾಗಿ ಎರಡು ಪದ ಕೂಡಿಸದಿರುವುದು ಇಂಥವು. ಎಲ್ಲಕ್ಕಿಂತ ಗಂಭೀರವಾದದ್ದು ಬಂದದ್ದು ಹೋಗುವುದು. ಆಡುತ್ತಿದ್ದ ನಾಲ್ಕು ಮಾತು ನಿಂತುಹೋದರೆ, ಕೂರುತ್ತಿದ್ದ ಮಗು ಕೂರುವುದನ್ನು ಬಿಟ್ಟರೆ, ಯಾವ ವಯಸ್ಸಿನಲ್ಲಾದರೂ ಸರಿ, ಅದೇ ವಾರ ಮಕ್ಕಳ ತಜ್ಞರ ಬಳಿ ಹೋಗಬೇಕು.

ಕೈಯ ವಿಷಯ ಒಂದಿದೆ, ಅದನ್ನು ಬಿಡಿಸಿ ಹೇಳಬೇಕು. ಎಂಟು ತಿಂಗಳ ಮೊಮ್ಮಗ ಏನು ಕೊಟ್ಟರೂ ಎಡಗೈಯಲ್ಲೇ ತೆಗೆದುಕೊಳ್ಳುತ್ತಾನೆಂದು ಅಜ್ಜಿಯೊಬ್ಬರು ನನ್ನ ಬಳಿ ಹೇಳಿದ್ದರು. ಮನೆಯವರೆಲ್ಲ ಎಡಚನೆಂದು ನಕ್ಕು ಸುಮ್ಮನಾಗಿದ್ದರು. ಅಜ್ಜಿಗೆ ಮಾತ್ರ ಬಲಗೈಯ ಮುಷ್ಟಿ ಸದಾ ಮುಚ್ಚಿಯೇ ಇರುವುದು ಕಣ್ಣಿಗೆ ಬಿದ್ದಿತ್ತು. ಒಂದು ವರ್ಷಕ್ಕೆ ಮೊದಲು ಮಕ್ಕಳು ಎರಡೂ ಕೈಗಳನ್ನು ಸಮನಾಗಿ ಬಳಸುತ್ತಾರೆ. ಅದಕ್ಕೂ ಮೊದಲೇ ಒಂದು ಕೈಯನ್ನೇ ಆರಿಸಿಕೊಂಡರೆ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಆ ಮಗುವಿಗೆ ಬಲಭಾಗದ ದುರ್ಬಲತೆಯಿತ್ತು. ಅಜ್ಜಿಯ ಒಂದು ಮಾತು ಮೌಲ್ಯಮಾಪನಕ್ಕೆ ದಿಕ್ಕು ತೋರಿತು, ವರ್ಷ ತುಂಬುವ ಮೊದಲೇ ಕೈಗೆ ಅಭ್ಯಾಸ ಆರಂಭವಾಯಿತು.

ಮಾತನ್ನು ಎಣಿಸುವಾಗ ನಮ್ಮ ಜಿಲ್ಲೆಗಳ ಮನೆಗಳಲ್ಲಿ ಒಂದು ವಿಶೇಷವಿದೆ. ಬಳ್ಳಾರಿ, ಸಿರುಗುಪ್ಪದ ಕಡೆ ತಾಯಿ ತೆಲುಗು, ಓಣಿ ಕನ್ನಡ; ರಾಯಚೂರಿನಲ್ಲಿ ಉರ್ದು ಮತ್ತು ಕನ್ನಡ; ಸಂಡೂರು, ಕುಷ್ಟಗಿಯ ತಾಂಡಾಗಳಲ್ಲಿ ಮನೆಯಲ್ಲಿ ಲಂಬಾಣಿ, ಅಂಗನವಾಡಿಯಲ್ಲಿ ಕನ್ನಡ. ಮಗು ನೀರಿಗೆ “ನೀಳ್ಳು” ಎಂದರೂ “ಪಾನಿ” ಎಂದರೂ ಅದು ಪದವೇ. ಎಲ್ಲ ಭಾಷೆಗಳ ಪದಗಳನ್ನೂ ಸೇರಿಸಿ ಎಣಿಸಿ, “ಬೌಬೌ”, “ಅಂಬಾ” ಎಂಬ ಎಳೆಮಾತುಗಳನ್ನೂ ಬಿಡಬೇಡಿ. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಮಗುವಿಗೆ ಮಾತಿನ ದೋಷ ಬರುವುದಿಲ್ಲ, ಆದ್ದರಿಂದ “ಭಾಷೆ ಗೊಂದಲವಾಗಿರಬೇಕು” ಎಂಬ ಸಮಾಧಾನದಲ್ಲಿ ತಿಂಗಳು ದೂಡಬಾರದು, ಮನೆಭಾಷೆಯನ್ನು ಬಿಟ್ಟುಬಿಡಿ ಎಂಬ ಸಲಹೆಗೂ ಕಿವಿಗೊಡಬಾರದು.

ಪದಗಳ ಎಣಿಕೆಗಿಂತಲೂ ಬೆರಳು ತೋರಿಸುವುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬೇಕಾದದ್ದನ್ನು ಕೇಳಲು ತೋರಿಸುವುದು ಒಂದು. ಚಂದಿರನನ್ನೋ, ಎತ್ತಿನ ಬಂಡಿಯನ್ನೋ ಕಂಡು “ನೀನೂ ನೋಡು” ಎಂದು ತೋರಿಸಿ, ನೀವು ನೋಡಿದಿರೋ ಇಲ್ಲವೋ ಎಂದು ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ಹದಿನೆಂಟು ತಿಂಗಳಿಗೆ ಈ ಎರಡನೆಯದು ಇಲ್ಲವಾದರೆ, ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಆಟಿಸಂ ತಪಾಸಣೆ ಬೇಕು. ಅದಕ್ಕೆ ಬಳಸುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿಯೇ ಇದೆ. ಉತ್ತರಿಸುವಾಗ ಮಗು ಒಮ್ಮೆ ಮಾಡಿದ್ದನ್ನು ನೆನೆದು “ಹೌದು” ಎನ್ನಬೇಡಿ, ಸಾಮಾನ್ಯವಾಗಿ ಮಾಡುತ್ತದೆಯೇ ಎಂದು ಯೋಚಿಸಿ ಹೇಳಿ.

ಬರೆದಿಟ್ಟುಕೊಳ್ಳುವುದು, ಹೊಂದಿಸಿಕೊಳ್ಳುವುದು

ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಮೊದಲ ಪುಟವನ್ನು ಬಸುರಿ ಮತ್ತು ಹೆರಿಗೆಗೆ ಬಿಡಿ. ಎಷ್ಟನೆಯ ವಾರಕ್ಕೆ ಹೆರಿಗೆಯಾಯಿತು, ತೂಕವೆಷ್ಟು, ಹುಟ್ಟಿದ ಕೂಡಲೇ ಅತ್ತಿತೇ, ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ದಿನ ಇಟ್ಟಿದ್ದರು, ಕಾಮಾಲೆಗೆ ಬೆಳಕಿನ ಚಿಕಿತ್ಸೆ ಕೊಟ್ಟರೇ, ರಕ್ತ ಬದಲಾಯಿಸಿದರೇ, ಫಿಟ್ಸ್ ಬಂದಿತ್ತೇ ಎಂಬುದನ್ನು ನೆನಪಿನಿಂದ ಬರೆಯದೆ ಡಿಸ್ಚಾರ್ಜ್ ಕಾರ್ಡ್ ನೋಡಿ ಬರೆಯಿರಿ. ಚೊಚ್ಚಲ ಬಾಣಂತನ ತವರಿನಲ್ಲಾಗುವುದು ನಮ್ಮ ಕಡೆ ರೂಢಿ. ಸಿಂಧನೂರಿನ ಸೊಸೆಯ ಕಾಗದಗಳು ಯಲಬುರ್ಗಾದ ತವರಿನ ಟ್ರಂಕಿನಲ್ಲಿ ಉಳಿದುಬಿಟ್ಟಿರುತ್ತವೆ. ಭೇಟಿಯ ಹಿಂದಿನ ದಿನ ಅವು ಸಿಗುವುದಿಲ್ಲ, ಆದ್ದರಿಂದ ವಾರದ ಮೊದಲೇ ತರಿಸಿಕೊಳ್ಳಿ, ಇಲ್ಲವೇ ಪ್ರತಿ ಪುಟದ ಫೋಟೊ ತೆಗೆಸಿ ಕಳುಹಿಸಿಕೊಳ್ಳಿ.

ಎರಡನೆಯ ಪುಟ ಮನೆತನದ್ದು. ಗಂಡಹೆಂಡಿರು ಮದುವೆಗೆ ಮೊದಲೇ ಸಂಬಂಧಿಗಳೇ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವುದು ನಮ್ಮಲ್ಲಿ ಹಳೆಯ ವಾಡಿಕೆ, ಅದನ್ನು ಹೇಳಲು ಸಂಕೋಚ ಬೇಡ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಕೆಲವು ವಂಶವಾಹಿ ತೊಂದರೆಗಳು, ಅದರಲ್ಲೂ ಹುಟ್ಟುಕಿವುಡು ಮತ್ತು ಕೆಲವು ಚಯಾಪಚಯದ ಕಾಯಿಲೆಗಳು, ಮಗುವಿಗೆ ಬರುವ ಸಂಭವ ಹೆಚ್ಚು. ಉತ್ತರ ಗೊತ್ತಾದರೆ ಯಾವ ಪರೀಕ್ಷೆ ಮೊದಲು ಮಾಡಬೇಕೆಂಬುದು ತೀರ್ಮಾನವಾಗುತ್ತದೆ. ಮೂರು ತಲೆಮಾರಿನಲ್ಲಿ ಯಾರಿಗಾದರೂ ಕಿವಿ ಕೇಳದಿದ್ದರೆ, ನಡೆಯಲಾಗದಿದ್ದರೆ, ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರೆ ಅದನ್ನೂ ಬರೆಯಿರಿ. ಈ ಪ್ರಶ್ನೆಗಳು ಸೊಸೆಯ ಮೇಲೆ ತಪ್ಪು ಹೊರಿಸಲು ಕೇಳುವಂಥವಲ್ಲವೆಂದು ಮನೆಯ ಹಿರಿಯರಿಗೆ ಮುಂಚೆಯೇ ತಿಳಿಹೇಳುವುದು ಒಳ್ಳೆಯದು.

ಉಳಿದ ಪುಟಗಳಲ್ಲಿ ದಿನಕ್ಕೆ ಎರಡು ಸಾಲಿನಂತೆ ಮಗು ಮಾಡಿದ್ದನ್ನು ಬರೆಯುತ್ತ ಹೋಗಿ. “ತುಂಬಾ ಚುರುಕು” ಎಂದು ಬರೆದರೆ ಪ್ರಯೋಜನವಿಲ್ಲ. “ಕರೆದರೆ ತಿರುಗಲಿಲ್ಲ, ಬಿಸ್ಕೀಟಿನ ಕಾಗದದ ಸದ್ದಿಗೆ ಓಡಿಬಂತು” ಎಂದು ಬರೆದರೆ ಪರೀಕ್ಷಕರಿಗೆ ಬಹಳಷ್ಟು ತಿಳಿಯುತ್ತದೆ. ಓದುಬರಹ ಬಾರದವರು ಆಶಾ ಅವರಿಂದಲೋ ಅಂಗನವಾಡಿ ಟೀಚರ್‌ರಿಂದಲೋ ಬರೆಸಬಹುದು. ಅದಕ್ಕಿಂತ ಸುಲಭವಾದದ್ದು ಫೋನಿನ ವಿಡಿಯೊ. ಮಗು ಊಟ ಮಾಡುವಾಗ, ಒಂಟಿಯಾಗಿ ಆಡುವಾಗ, ಓರಗೆಯ ಮಕ್ಕಳ ಜೊತೆ ಇರುವಾಗ, ನೆಲದಿಂದ ಎದ್ದು ನಿಲ್ಲುವಾಗ ಒಂದೊಂದು ನಿಮಿಷದ ನಾಲ್ಕೈದು ತುಣುಕುಗಳನ್ನು ಹಗಲ ಬೆಳಕಿನಲ್ಲಿ ತೆಗೆದಿಡಿ. ಮೈ ಬೆಚ್ಚುವುದು, ಒಂದೇ ಸಮನೆ ತಲೆ ಬಾಗಿಸುವುದು, ಕಣ್ಣು ಮೇಲೆ ಹೋಗುವುದು ಕಂಡರೆ ಅದನ್ನು ಬಿಡದೆ ಚಿತ್ರಿಸಿಕೊಂಡು ಅಂದೇ ವೈದ್ಯರಿಗೆ ತೋರಿಸಬೇಕು. ಎಳೆಮಕ್ಕಳ ಕೆಲವು ಫಿಟ್ಸ್ ಬೆಚ್ಚಿಬೀಳುವಂತೆಯೇ ಕಾಣುತ್ತವೆ.

ಎಲ್ಲಿಗೆ ಹೋಗಬೇಕು

ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಅವರು ನಲವತ್ತೆರಡು ದಿನಗಳೊಳಗೆ ಆರು ಬಾರಿ, ಆಮೇಲೆ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಮನೆಗೇ ಬಂದು ನೋಡಬೇಕೆಂಬ ವ್ಯವಸ್ಥೆಯಿದೆ. ಅನುಮಾನವನ್ನು ಅವರ ಮುಂದೆ ಹೇಳಿ, ಆರ್.ಬಿ.ಎಸ್.ಕೆ. ತಂಡ ಯಾವಾಗ ಬರುತ್ತದೆಂದು ಕೇಳಿ, ತಂಡದಿಂದ ಶಿಫಾರಸು ಚೀಟಿ ಪಡೆಯಿರಿ. ಆ ಚೀಟಿ ಹಿಡಿದು ಹೋಗಬೇಕಾದದ್ದು ಡಿ.ಇ.ಐ.ಸಿ. ಎಂದು ಕರೆಯುವ ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ. ಮಕ್ಕಳ ತಜ್ಞರು, ಫಿಸಿಯೊಥೆರಪಿಸ್ಟ್, ಶ್ರವಣ ಮತ್ತು ವಾಕ್ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಸಿಗಬೇಕೆಂಬುದು ಈ ಕೇಂದ್ರಗಳ ಉದ್ದೇಶ. ತಂಡದ ದಿನ ತಪ್ಪಿಹೋಗಿದ್ದರೆ ಆರು ತಿಂಗಳು ಕಾಯಬೇಡಿ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರರಲ್ಲೂ ಮಕ್ಕಳ ವಿಭಾಗವಿದೆ. ಹೊರರೋಗಿ ಚೀಟಿ ಮಾಡಿಸಿ ನೇರವಾಗಿ ಹೋಗಬಹುದು. ಕಿವಿ ಮತ್ತು ಮಾತಿನ ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ನರ ಮತ್ತು ವರ್ತನೆಯ ತೊಡಕಾದ ಪ್ರಶ್ನೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸುವುದುಂಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿರುವುದರಿಂದ, ತಾಯಿಯ ಜೊತೆ ಮಗುವನ್ನು ಹೆಚ್ಚು ಬಲ್ಲ ಅಜ್ಜಿಯನ್ನೂ ಕರೆದೊಯ್ಯುವುದು ಖರ್ಚಿನ ಮಾತಾಗುವುದಿಲ್ಲ.

ಮೌಲ್ಯಮಾಪನದ ದಿನ

ಮಗು ಹೊಟ್ಟೆ ತುಂಬಿ, ನಿದ್ದೆ ಮುಗಿಸಿ ಎಚ್ಚರವಾಗಿರುವ ಹೊತ್ತು ಪರೀಕ್ಷೆಗೆ ಒಳ್ಳೆಯದು. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ಹನ್ನೊಂದು ಗಂಟೆಯ ಹೊತ್ತಿಗೇ ಮಕ್ಕಳು ಬಾಡಿಹೋಗುತ್ತಾರೆ, ಆದ್ದರಿಂದ ಮೊದಲ ಬಸ್ಸು ಹಿಡಿದು ಬೇಗ ಚೀಟಿ ಮಾಡಿಸಿ. ಜ್ವರ, ಭೇದಿ ಇದ್ದರೆ ಭೇಟಿಯನ್ನು ಮುಂದೂಡಿ. ಬಳಲಿದ ಮಗುವಿನ ಅಂಕ ಅದರ ನಿಜವಾದ ಶಕ್ತಿಯನ್ನು ಹೇಳುವುದಿಲ್ಲ. ಮನೆಯ ಆಟಿಕೆ, ರೂಢಿಯ ಲೋಟ, ಒಂದು ಜೊತೆ ಬಟ್ಟೆ ಜೊತೆಗಿರಲಿ. ಕಾಯುವಾಗ ಅಳು ನಿಲ್ಲಿಸಲು ಫೋನ್ ಕೊಡಬೇಡಿ, ಪರೀಕ್ಷೆಯ ಹೊತ್ತಿಗೆ ಅದನ್ನು ಕಿತ್ತುಕೊಂಡರೆ ಮಗು ಉಳಿದ ಅರ್ಧ ಗಂಟೆಯನ್ನು ಅಳುವುದರಲ್ಲೇ ಕಳೆಯುತ್ತದೆ.

ಕೋಣೆಯಲ್ಲಿ ಮಗು ನಿಮ್ಮ ತೊಡೆಯ ಮೇಲೇ ಕುಳಿತಿರಬಹುದು. ಪರೀಕ್ಷಕರು ಕೆಂಪು ಉಣ್ಣೆಯ ಚೆಂಡನ್ನು ಆಡಿಸುತ್ತಾರೆ, ಗಿಲಿಗಿಲಿ ಅಲ್ಲಾಡಿಸುತ್ತಾರೆ, ಘನಾಕೃತಿಗಳನ್ನು ಒಂದರ ಮೇಲೊಂದು ಇಡಿಸುತ್ತಾರೆ, ಬಟ್ಟೆಯಡಿ ಆಟಿಕೆ ಮುಚ್ಚಿಟ್ಟು ಹುಡುಕುತ್ತದೆಯೇ ಎಂದು ನೋಡುತ್ತಾರೆ. ಆಗ ನೀವು ಮಗುವಿನ ಕೈ ಹಿಡಿದು ಮಾಡಿಸಬಾರದು, ಕಣ್ಸನ್ನೆಯನ್ನೂ ಮಾಡಬಾರದು. ಮನೆಯಲ್ಲಿ ಮಾಡುತ್ತಿದ್ದುದನ್ನು ಇಲ್ಲಿ ಮಾಡದೆ ನಿಂತರೆ ಸಂಕಟವಾಗುವುದು ಸಹಜ. ಮುಗಿದ ಮೇಲೆ ನೋಟುಬುಕ್ಕನ್ನೂ ವಿಡಿಯೊವನ್ನೂ ಮುಂದಿಡಿ. ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆಯುತ್ತಾರೆ. ಹುಟ್ಟಿದಾಗ 33ರಿಂದ 35 ಸೆಂಟಿಮೀಟರ್ ಇರುವ ತಲೆ ವರ್ಷಕ್ಕೆ 45ರಿಂದ 47ರಷ್ಟಾಗುತ್ತದೆ, ಅದು ಬೆಳೆಯುವ ವೇಗ ಮಿದುಳಿನ ಬೆಳವಣಿಗೆಯ ಸುಳಿವು. ಕೈಕಾಲುಗಳ ಬಿಗಿತವನ್ನು ನೋಡುವಾಗ ತೊಡೆ ಅಗಲಿಸುತ್ತಾರೆ, ಪಾದ ಮಡಿಸುತ್ತಾರೆ. ಎರಡು ತಿಂಗಳಿನಿಂದ ಎರಡು ವರ್ಷದ ಮಕ್ಕಳಿಗೆ ಬಳಸುವ ಹ್ಯಾಮರ್‌ಸ್ಮಿತ್ ಎಂಬ ಇಂಥದೊಂದು ಪರೀಕ್ಷೆ 26 ಅಂಶಗಳಿಂದ 78 ಅಂಕಗಳಿಗೆ ನಡೆಯುತ್ತದೆ. ಎಳೆಯ ಮಿದುಳಿಗಾದ ಹಾನಿಯಿಂದ ಚಲನೆ ಕುಂಠಿತವಾಗುವ ಸೆರೆಬ್ರಲ್ ಪಾಲ್ಸಿಯ ಅಪಾಯವನ್ನು ಆರು ತಿಂಗಳೊಳಗೇ ಗುರುತಿಸಲು ಅದು ನೆರವಾಗುತ್ತದೆ.

ಕಿವಿ, ಕಣ್ಣು, ರಕ್ತ

ಮಾತು ಬಾರದ ಪ್ರತಿ ಮಗುವಿಗೂ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ತಟ್ಟೆ ಬಡಿದರೆ ತಿರುಗುತ್ತದೆಂಬ ಮನೆಯ ಪರೀಕ್ಷೆಯನ್ನು ನಂಬಬಾರದು. ದೊಡ್ಡ ಸದ್ದು ಕೇಳುವ ಮಗುವಿಗೆ ಮಾತಿನ ಸೂಕ್ಷ್ಮ ಸ್ವರಗಳು ಕೇಳದಿರಬಹುದು, ಬಡಿದ ಕೈಯ ನೆರಳಿಗೋ ಗಾಳಿಗೋ ಅದು ತಿರುಗಿರಬಹುದು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆಗಬೇಕೆಂಬುದು ಈ ಕ್ಷೇತ್ರದ ಒಪ್ಪಿತ ಗುರಿ. ಓ.ಎ.ಇ. ಎಂಬ ಪರೀಕ್ಷೆ ಕೆಲವೇ ನಿಮಿಷಗಳದ್ದು. ಬೇರಾ ಎಂಬ ಪರೀಕ್ಷೆಗೆ ಮಗು ಅಲ್ಲಾಡದೆ ಮಲಗಿರಬೇಕು. ಲಿಂಗಸುಗೂರಿನಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಸೊಗಸಾಗಿ ನಿದ್ದೆ ಮಾಡಿದ ಮಗು ಬೇರಾ ಕೋಣೆಯಲ್ಲಿ ಕಣ್ಣು ಮುಚ್ಚುವುದಿಲ್ಲ, ಆ ದಿನದ ಪ್ರಯಾಣವೆಲ್ಲ ವ್ಯರ್ಥವಾಗುತ್ತದೆ. ದಾರಿಯಲ್ಲಿ ಎಚ್ಚರವಾಗಿರಿಸಿ, ಪರೀಕ್ಷೆಗೆ ಮುನ್ನ ಹಾಲುಣಿಸಿ ಮಲಗಿಸಿ. ಮಲಗಿಸಲು ಔಷಧ ಕೊಡುವುದಿದ್ದರೆ ಉಣಿಸುವುದನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಕೇಳಿ ತಿಳಿದುಕೊಂಡೇ ನಡೆಯಿರಿ. ಬೆಳವಣಿಗೆಯ ಪರೀಕ್ಷೆಗೆ ಎಚ್ಚರ, ಕಿವಿಯ ಪರೀಕ್ಷೆಗೆ ನಿದ್ದೆ ಬೇಕಾದ್ದರಿಂದ ಎರಡನ್ನೂ ಒಂದೇ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಮಾತು ಬರಲೆಂದು ನಾಲಿಗೆಗೆ ಬಜೆ ತೇದು ಹಚ್ಚುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಅದನ್ನು ನಂಬಿ ಕಿವಿಯ ಪರೀಕ್ಷೆಯನ್ನು ಮುಂದಕ್ಕೆ ಹಾಕಿದ ತಿಂಗಳುಗಳು ಮಗುವಿಗೆ ಮರಳಿ ಸಿಗುವುದಿಲ್ಲ.

ಕಣ್ಣಿನ ವಿಷಯದಲ್ಲಿ, 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು ಮೂವತ್ತು ದಿನದೊಳಗೆ ಕಣ್ಣಿನ ತಜ್ಞರು ನೋಡಿರಬೇಕು, ಇನ್ನೂ ಎಳೆಯದಾದರೆ ಅದಕ್ಕೂ ಮೊದಲೇ.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಮುಖ್ಯ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಮೊದಲ ಕೆಲವು ವಾರಗಳಲ್ಲೇ ಮಾತ್ರೆ ಆರಂಭವಾದರೆ ಬುದ್ಧಿಯ ಬೆಳವಣಿಗೆ ಉಳಿಯುತ್ತದೆ. ಇನ್ನೊಂದು ಬಿ-12 ಕೊರತೆ. ಮೊಟ್ಟೆ, ಮಾಂಸ ತಿನ್ನದ, ಹಾಲುಮೊಸರೂ ಸಾಕಷ್ಟು ಸಿಗದ ತಾಯಿಯ ಎದೆಹಾಲಿನ ಮೇಲೆಯೇ ವರ್ಷದವರೆಗೆ ಉಳಿದ ಮಗು ಮಂಕಾಗಿ, ಬಿಳಿಚಿಕೊಂಡು, ನಗುವುದನ್ನೂ ಕೂರುವುದನ್ನೂ ಮರೆತಂತಾಗಿ, ಕೆಲವೊಮ್ಮೆ ನಡುಗುವುದುಂಟು. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಇಂಥ ಮಗು ಚೇತರಿಸಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ. ಆರು ತಿಂಗಳು ತುಂಬಿದ ಮೇಲೆ ಮೇಲಾಹಾರ ಏನೇನು ಕೊಟ್ಟಿರೆಂದು ನೋಟುಬುಕ್ಕಿನಲ್ಲಿ ಬರೆದಿರಬೇಕಾದದ್ದು ಇದಕ್ಕಾಗಿ. ಎಂ.ಆರ್.ಐ. ಮತ್ತು ವಂಶವಾಹಿ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟರೆ, ಅದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆಂದು ಕೇಳುವ ಹಕ್ಕು ನಿಮಗಿದೆ.

ವರದಿ ಕೈಗೆ ಬಂದ ಮೇಲೆ

ವರದಿಯಲ್ಲಿ ಡಿ.ಕ್ಯು. ಎಂಬ ಸಂಖ್ಯೆ ಇರುತ್ತದೆ. ಮಗು ಮಾಡುತ್ತಿರುವ ಕೆಲಸಗಳ ವಯಸ್ಸನ್ನು ಅದರ ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಅದು. ಇಪ್ಪತ್ತು ತಿಂಗಳ ಮಗು ಹದಿನೈದು ತಿಂಗಳ ಕೆಲಸಗಳನ್ನು ಮಾಡುತ್ತಿದ್ದರೆ 75. ಸಾಮಾನ್ಯವಾಗಿ 70ಕ್ಕಿಂತ ಕಡಿಮೆಯಾದರೆ ವಿಳಂಬವೆನ್ನುತ್ತಾರೆ, ಐದು ವರ್ಷದೊಳಗಿನ ಮಗುವಿನಲ್ಲಿ ಎರಡು ಅಥವಾ ಹೆಚ್ಚು ವಿಭಾಗಗಳಲ್ಲಿ ಗಣನೀಯ ವಿಳಂಬವಿದ್ದರೆ ಸಮಗ್ರ ವಿಳಂಬವೆಂದು ಬರೆಯುತ್ತಾರೆ. ಈ ಸಂಖ್ಯೆ ಎಳವೆಯಲ್ಲಿ ಬದಲಾಗುವಂಥದ್ದು. ಅದನ್ನು ಮಗುವಿನ ಹಣೆಬರಹದಂತೆ ಓದಿ ಕುಸಿಯಬೇಡಿ. ಕೋಣೆಯಿಂದ ಹೊರಬರುವ ಮೊದಲು ಯಾವ ವಿಭಾಗ ಎಷ್ಟು ಹಿಂದಿದೆ, ಕಾರಣ ಗೊತ್ತಾಯಿತೇ, ಮನೆಯಲ್ಲಿ ನಾಳೆಯಿಂದ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು ಎಂಬ ನಾಲ್ಕಕ್ಕೂ ಉತ್ತರ ಪಡೆಯಿರಿ. ಅಭ್ಯಾಸಗಳನ್ನು ಬಾಯಲ್ಲಿ ಹೇಳಿಸಿಕೊಂಡು ಬರುವುದು ಸಾಲದು. ಅವರು ಮಾಡಿ ತೋರಿಸುವುದನ್ನು ಅನುಮತಿ ಕೇಳಿ ವಿಡಿಯೊ ಮಾಡಿಕೊಂಡು, ನೀವೂ ಒಮ್ಮೆ ಅವರ ಕಣ್ಣೆದುರೇ ಮಾಡಿ ತಿದ್ದಿಸಿಕೊಳ್ಳಿ.

ವಾರಕ್ಕೊಮ್ಮೆ ಅರ್ಧ ಗಂಟೆಯ ಥೆರಪಿಗಿಂತ ದಿನವಿಡೀ ಮನೆಯಲ್ಲಿ ನಡೆಯುವುದೇ ಮಗುವನ್ನು ಮುಂದೆ ತರುತ್ತದೆ. ಸ್ನಾನ ಮಾಡಿಸುವಾಗ ಅಂಗಗಳ ಹೆಸರು, ರೊಟ್ಟಿ ಬಡಿಯುವಾಗ ಹಿಟ್ಟಿನ ಉಂಡೆಯೊಂದು ಮಗುವಿನ ಕೈಗೆ, ನೆಲದ ಮೇಲೆ ಚಾಪೆ ಹಾಸಿ ಹೊಟ್ಟೆಯ ಮೇಲೆ ಆಟ, ಇವೆಲ್ಲ ಅಭ್ಯಾಸವೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ವರ್ಷದೊಳಗಿನ ಮಗುವಿಗೆ ಟಿವಿ, ಫೋನಿನ ಪರದೆ ಬೇಡವೆನ್ನುತ್ತದೆ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡವೆನ್ನುತ್ತದೆ.

ಅಂಗವೈಕಲ್ಯ ದೃಢಪಟ್ಟರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಕೇಳಿ, ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ. ಎಳೆಯ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಮುಂದೆ ಮರುಪರೀಕ್ಷೆ ಮಾಡುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವ ಗ್ರಾಮೀಣ ಪುನರ್ವಸತಿ (ವಿ.ಆರ್.ಡಬ್ಲ್ಯು.) ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ.

ಮರುಭೇಟಿಯ ದಿನ ಬರುವಷ್ಟರಲ್ಲಿ ಗುಳೆ ಹೋಗುವ ಕುಟುಂಬಗಳಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ದೇವದುರ್ಗ, ಮಸ್ಕಿ, ಕುಷ್ಟಗಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವರ ಮಗುವನ್ನು ಊರಿನ ಅಂಗನವಾಡಿಗೆ ಬರುವ ತಂಡ ಕಾಣುವುದಿಲ್ಲ, ಹೋದ ಊರಿನ ತಂಡಕ್ಕೆ ಅದರ ಹೆಸರು ಗೊತ್ತಿರುವುದಿಲ್ಲ. ಹೊರಡುವುದು ಗೊತ್ತಿದ್ದರೆ ಮೌಲ್ಯಮಾಪನ ಮಾಡಿದವರಿಗೆ ಅಂದೇ ತಿಳಿಸಿ, ಹೋಗುವ ಕಡೆಯ ಆಸ್ಪತ್ರೆಗೆ ಶಿಫಾರಸು ಪತ್ರ ಬರೆಸಿಕೊಳ್ಳಿ. ತಾಯಿ ಕಾರ್ಡ್, ವರದಿ, ಕಿವಿಯ ಪರೀಕ್ಷೆಯ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಟ್ಟೆಗಂಟಿನಲ್ಲೇ ಒಯ್ಯಿರಿ, ಒಂದೊಂದು ಜೆರಾಕ್ಸ್ ಊರಲ್ಲಿ ಅಜ್ಜಿಯ ಬಳಿ ಇರಲಿ. ಶೆಡ್ಡಿಗೆ ಸೇರಿದ ವಾರವೇ ಅಲ್ಲಿನ ಅಂಗನವಾಡಿಯನ್ನೂ ಆಶಾ ಅವರನ್ನೂ ಹುಡುಕಿ ಮಗುವಿನ ಹೆಸರು ಬರೆಸಿ, ಮರುಭೇಟಿಯ ದಿನಾಂಕವನ್ನು ಅವರ ಪುಸ್ತಕದಲ್ಲೂ ಗುರುತು ಹಾಕಿಸಿ.